ಇಷ್ಟು ಸಾಕಾಗುತ್ತಾ ಅಯ್ಯನವರೇ?

ಸಭಾಪಾಲಕನ ಕೆಲಸದಲ್ಲಿ ಕೆಲವು ವರ್ಷ ಕಳೆದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಭಾನುವಾರದ ಪ್ರಸಂಗದಲ್ಲಿ ಮಾತ್ರ ಅದನ್ನು ಹೇಳುವವರು ಕಡಿಮೆ. ಸಾವು ಹತ್ತಿರ ಬಂದಾಗ ಜಾಸ್ತಿ ಹೆದರುವವರು ಕುಡಿದು ಹಾಳಾದವರೂ ಅಲ್ಲ, ಚರ್ಚಿನ ಮೆಟ್ಟಿಲು ಹತ್ತದವರೂ ಅಲ್ಲ. ಅವರಲ್ಲಿ ಎಷ್ಟೋ ಜನ ಅತ್ತು, "ದೇವರೇ, ಕ್ಷಮಿಸು" ಅಂದು, ಗೋಡೆಗೆ ಒರಗಿ ನಿದ್ದೆ ಹೋಗಿಬಿಡುತ್ತಾರೆ. ಒದ್ದಾಡುವವರು ಜೀವಮಾನವಿಡೀ ಸರಿಯಾಗಿ ನಡೆದುಕೊಂಡವರು. ಒಂದು ಆರಾಧನೆ ತಪ್ಪಿಸದವರು, ದುಡಿದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಕೊಡುವ ದಶಮಾಂಶ ನಿಲ್ಲಿಸದವರು, ಯಾರ ಬಾಯಿಂದಲೂ ಕೆಟ್ಟವರು ಅನ್ನಿಸಿಕೊಳ್ಳದವರು.

ಕಾರವಾರದ ಕೋಡಿಬಾಗದ ಕಡೆ ಒಬ್ಬ ಅಜ್ಜಿ ಇದ್ದರು. ಹಾಸಿಗೆ ಹಿಡಿದ ಮೇಲೆ ಆಗಾಗ ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದೆ. ಒಂದು ದಿನ ಮಂಚದ ಕೆಳಗಿನಿಂದ ತಗಡಿನ ಬಿಸ್ಕಿಟ್ ಡಬ್ಬಿ ತೆಗೆಸಿದರು. ಒಳಗೆ ಬರೀ ರಸೀದಿ. ದಶಮಾಂಶದ್ದು, ಬೆಳೆಹಬ್ಬದ ಕಾಣಿಕೆಯದ್ದು, ಚರ್ಚಿನ ಮಾಡು ರಿಪೇರಿಗೆ ಕೊಟ್ಟದ್ದು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು, ಹಳೆಯ ಬ್ಯಾಂಡುಗಳು ಕರಗಿ ಕಾಗದಕ್ಕೇ ಅಂಟಿಕೊಂಡಿದ್ದವು. ಎಲ್ಲ ನನ್ನ ಮುಂದಿಟ್ಟು ಕೇಳಿದರು, "ಇಷ್ಟು ಸಾಕಾಗುತ್ತಾ ಅಯ್ಯನವರೇ?"

ಸೊಸೆ ಪಕ್ಕದಲ್ಲೇ ಇದ್ದರು. ಒಳ್ಳೆಯ ಹೆಂಗಸು, ಸಮಾಧಾನ ಮಾಡೋಣ ಅಂತಲೇ ಹೇಳಿದರು: "ಅತ್ತೆ, ನಿಮ್ಮಂಥವರಿಗೇ ಸ್ವರ್ಗ ಸಿಗದಿದ್ರೆ ಇನ್ಯಾರಿಗೆ ಸಿಗುತ್ತೆ?"

ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ತಂಗಿ ಹತ್ರ ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ಇವಳಿಗೇನು ಗೊತ್ತು" ಅಂದರು. ತಂಗಿ ಇರುವುದು ಅಂಕೋಲಾದಲ್ಲಿ. ಬಸ್ಸಿಗೆ ಕೂತರೆ ಒಂದು ಗಂಟೆಯ ದಾರಿ.

ರೋಗಿಯ ಮನೆಗೆ ಹೋಗುವ ಎಲ್ಲರಿಗೂ ಒಂದು ಮಾತು ಹೇಳಬೇಕು ಅನಿಸುತ್ತದೆ. "ನೀವು ಎಷ್ಟು ಒಳ್ಳೆಯವರು, ನಿಮಗೇನು ಭಯ" ಅನ್ನುವುದನ್ನು ದಯವಿಟ್ಟು ಬಿಡಿ. ಕೇಳಲು ಚೆನ್ನಾಗಿರುತ್ತದೆ, ಆದರೆ ಮಲಗಿದವರ ಭಯ ಅದರಿಂದ ಹೆಚ್ಚುತ್ತದೆ. ನೀವು ನೋಡಿದ್ದು ರಸೀದಿ ಇರುವ ಕೆಲಸಗಳನ್ನು ಮಾತ್ರ, ರಸೀದಿ ಇಲ್ಲದ್ದು ಏನೇನಿದೆ ಅಂತ ಅವರಿಗೆ ಗೊತ್ತು. ಒಳ್ಳೆಯತನದ ಮೇಲೆ ನಿಲ್ಲಿ ಅಂದಷ್ಟೂ ಅವರ ಕಣ್ಣು ಬಿರುಕಿನ ಕಡೆಗೇ ಹೋಗುತ್ತದೆ. ಆ ದಿನ ನಾನು ಲೂಕನ ಸುವಾರ್ತೆಯ 18ನೇ ಅಧ್ಯಾಯ ತೆಗೆದು, ಯೇಸು ಹೇಳಿದ ಕಥೆಯಲ್ಲಿ ಬರುವ ಸುಂಕದವನ ಪ್ರಾರ್ಥನೆ ಓದಿದೆ. ಪಾಪಿಯಾದ ನನ್ನನ್ನು ಕರುಣಿಸು, ಅಷ್ಟೇ. ಅಜ್ಜಿ ಅದನ್ನು ತಾವೂ ಹೇಳಿದರು, ಆಮೇಲೆ ಮೊಮ್ಮಗನಿಂದ ಅಂಕೋಲಾಕ್ಕೆ ಫೋನ್ ಮಾಡಿಸಿದರು.

ನಿತ್ಯಜೀವ ಅಂದ ಕೂಡಲೇ ನಮ್ಮ ಸಭೆಗಳಲ್ಲಿ ಬಹಳ ಜನರ ತಲೆಗೆ ಬರುವುದು ಸತ್ತ ಮೇಲೆ ಹೋಗುವ ಒಂದು ಜಾಗ, ಅದರ ಬಾಗಿಲಲ್ಲಿ ಒಂದು ತಪಾಸಣೆ. ಯೋಹಾನನ ಸುವಾರ್ತೆ ಬೇರೆಯೇ ರೀತಿ ಹೇಳುತ್ತದೆ. ಶಿಲುಬೆಯ ಹಿಂದಿನ ರಾತ್ರಿ ಯೇಸು ಮಾಡಿದ ಪ್ರಾರ್ಥನೆಯಲ್ಲಿ, 17ನೇ ಅಧ್ಯಾಯದ 3ನೇ ವಚನದಲ್ಲಿ, ನಿತ್ಯಜೀವ ಅಂದರೇನು ಅಂತ ನೇರವಾಗಿ ಇದೆ: ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ಅರಿಯುವುದು. 5ನೇ ಅಧ್ಯಾಯದ 24ನೇ ವಚನ ಇನ್ನೂ ಮುಂದೆ ಹೋಗುತ್ತದೆ. ನಂಬಿದವನಿಗೆ ಅದು ಈಗಲೇ ಇದೆ, ಅವನು ಆಗಲೇ ಮರಣವನ್ನು ದಾಟಿ ಜೀವಕ್ಕೆ ಬಂದಿದ್ದಾನೆ. ಅಂದ ಮೇಲೆ ಅದು ಒಂದು ಸಂಬಂಧ. ಸಂಬಂಧವನ್ನು ದುಡಿದು ಸಂಪಾದಿಸಲು ಆಗುವುದಿಲ್ಲ. ಸ್ವನೀತಿ, ಅಂದರೆ ನನ್ನ ಒಳ್ಳೆಯತನವೇ ನನಗೆ ಸಾಕು ಅನ್ನುವ ನಂಬಿಕೆ, ಸೋಲುವುದು ಇಲ್ಲೇ. ಅದಕ್ಕೆ ಗೊತ್ತಿರುವುದು ಲೆಕ್ಕ ಒಂದೇ.

ಇದನ್ನು ಮಾರ್ಕನ 10ನೇ ಅಧ್ಯಾಯದ ಶ್ರೀಮಂತನಷ್ಟು ಸ್ಪಷ್ಟವಾಗಿ ತೋರಿಸುವವರು ಇನ್ನೊಬ್ಬರಿಲ್ಲ. ಓಡಿ ಬಂದು ಮೊಣಕಾಲೂರುತ್ತಾನೆ, "ಒಳ್ಳೆಯ ಬೋಧಕನೇ" ಅನ್ನುತ್ತಾನೆ, ನಿತ್ಯಜೀವಕ್ಕೆ ನಾನೇನು ಮಾಡಬೇಕು ಅಂತ ಕೇಳುತ್ತಾನೆ. ಯೇಸು ಮೊದಲು ಹಿಡಿಯುವುದೇ ಆ "ಒಳ್ಳೆಯ" ಅನ್ನುವುದನ್ನು: ದೇವರೊಬ್ಬನ ಹೊರತು ಒಳ್ಳೆಯವನು ಯಾರೂ ಇಲ್ಲ. ಆಮೇಲೆ ಆಜ್ಞೆಗಳನ್ನು ನೆನಪಿಸುತ್ತಾನೆ. ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ, ಮೋಸ, ತಂದೆತಾಯಿ. ಗಮನಿಸಿ, ಹೇಳಿದ್ದೆಲ್ಲ ಜನರ ಜೊತೆ ನಡೆದುಕೊಳ್ಳುವ ಆಜ್ಞೆಗಳು. ದೇವರಿಗೆ ಮೊದಲ ಜಾಗ ಕೊಡುವ ಆಜ್ಞೆ ಪಟ್ಟಿಯಲ್ಲಿ ಇಲ್ಲ. ಚಿಕ್ಕಂದಿನಿಂದ ಎಲ್ಲ ಪಾಲಿಸಿದ್ದೇನೆ ಅನ್ನುತ್ತಾನೆ ಅವನು. ಯೇಸು ಅದನ್ನು ಸುಳ್ಳು ಅನ್ನುವುದಿಲ್ಲ. ಅವನನ್ನು ನೋಡಿ ಪ್ರೀತಿಸಿದನು ಅಂತ ಬರೆದಿದೆ, ಆ ಒಂದು ಸಾಲು ಇರುವುದು ಮಾರ್ಕನಲ್ಲಿ ಮಾತ್ರ. ಆಮೇಲೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅನ್ನುತ್ತಾನೆ. ಬಿಟ್ಟುಹೋದ ಆ ಮೊದಲ ಆಜ್ಞೆ ಈಗ ಬಂತು ನೋಡಿ. ಮನುಷ್ಯ ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋದ.

ಶ್ರೀಮಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಅನ್ನುತ್ತಾನೆ ಯೇಸು. ಹಾಗಾದರೆ ಯಾರಿಗೆ ರಕ್ಷಣೆ ಆದೀತು ಅಂತ ಶಿಷ್ಯರು ಗಾಬರಿಯಾಗಿ ಕೇಳುತ್ತಾರೆ. ಉತ್ತರ: ಮನುಷ್ಯರಿಂದ ಆಗದು, ದೇವರಿಂದ ಆಗುತ್ತದೆ. ಇಡೀ ಕಥೆಯ ತಿರುಳು ಇದೇ ಉತ್ತರದಲ್ಲಿದೆ, ಆದರೆ ನಾವು ಸೂಜಿಯ ಕಣ್ಣು, ಒಂಟೆ ಅಂತ ಅಲ್ಲೇ ಸಿಕ್ಕಿಹಾಕಿಕೊಂಡು ಇಲ್ಲಿಗೆ ಬರುವುದೇ ಇಲ್ಲ.

ಲೂಕನ ಆ ಕಥೆಯಲ್ಲಿ ಸುಂಕದವನ ಜೊತೆ ದೇವಾಲಯಕ್ಕೆ ಪ್ರಾರ್ಥನೆಗೆ ಬಂದ ಫರಿಸಾಯನನ್ನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನನ್ನು, ನಾವು ಬಹಳ ಸಲೀಸಾಗಿ ಬೈದುಬಿಡುತ್ತೇವೆ. ಸ್ವಲ್ಪ ನಿಧಾನ. ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೊಂದು ದಿನದ ಉಪವಾಸ, ಇವನು ಮಾಡುತ್ತಿದ್ದದ್ದು ವಾರಕ್ಕೆರಡು ದಿನ. ಬಂದದ್ದರಲ್ಲೆಲ್ಲ ಹತ್ತನೇ ಒಂದು ಪಾಲು ಕೊಡುತ್ತಿದ್ದ. ನಮ್ಮ ಯಾವ ಸಭೆಗೆ ಬಂದರೂ ಕಮಿಟಿಗೆ ಅವನನ್ನೇ ಆರಿಸುತ್ತೇವೆ, ನಾನೂ ಕೈ ಎತ್ತುತ್ತೇನೆ! ಅವನ ಪ್ರಾರ್ಥನೆಯ ಮೊದಲ ಮಾತು ಕೂಡ ದೇವರಿಗೆ ಸ್ತೋತ್ರವೇ. ಇದನ್ನು ನಾವು, ಅದರಲ್ಲೂ ತಮ್ಮ ಬದುಕು ಬದಲಾದ ಬಗ್ಗೆ ಸಭೆಯಲ್ಲಿ ಸಾಕ್ಷಿ ಹೇಳುವವರು, ಗಮನಿಸಬೇಕು. "ದೇವರಿಗೆ ಸ್ತೋತ್ರ" ಅಂತ ಶುರು ಮಾಡಿದ ಮಾತ್ರಕ್ಕೆ ಸ್ವನೀತಿ ಓಡಿಹೋಗುವುದಿಲ್ಲ. ಅವನ ಎಡವಟ್ಟು ಮುಂದಿನ ಮಾತಿನಲ್ಲಿದೆ: ಈ ಸುಂಕದವನ ಹಾಗೆ ನಾನಲ್ಲ. ತನ್ನ ಎತ್ತರ ಅಳೆಯಲು ಅವನಿಗೆ ಪಕ್ಕದಲ್ಲಿ ಒಬ್ಬ ಕುಳ್ಳ ಬೇಕಾಗಿದ್ದ. ಕುಡಿತ ಬಿಟ್ಟು ನಿಜವಾಗಿಯೂ ಹೊಸಬನಾದ ಒಬ್ಬ ತಮ್ಮ, ವರ್ಷ ಕಳೆಯುವುದರೊಳಗೆ ತನ್ನ ಹಳೆಯ ಗೆಳೆಯರನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗಲು ಶುರು ಮಾಡಿದ್ದನ್ನು ನೋಡಿದ್ದೇನೆ. ಬಾಟಲಿ ಹೋಯಿತು, ಅದರ ಜಾಗದಲ್ಲಿ ತಕ್ಕಡಿ ಬಂತು.

ರಕ್ಷಣೆ ದೇವರ ಕೃಪೆಯಿಂದ ಮಾತ್ರ ಅನ್ನುವುದು ಪ್ರಾಟೆಸ್ಟಂಟರ ವಾದ, ಕಥೋಲಿಕರು ಪುಣ್ಯಕಾರ್ಯ ನಂಬಿದವರು ಅಂತ ನಮ್ಮವರು ಒಂದು ಗೆರೆ ಎಳೆಯುತ್ತಾರೆ. ಉತ್ತರ ಕನ್ನಡದ ಕ್ರೈಸ್ತರಲ್ಲಿ ಜಾಸ್ತಿ ಜನ ಕಥೋಲಿಕರು, 1976ರಿಂದ ಕಾರವಾರವೇ ಒಂದು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ. ಹಾಗಾಗಿ ಮದುವೆ, ಸಾವು, ಮನೆ ಆಶೀರ್ವಾದ ಎಲ್ಲದರಲ್ಲೂ ಈ ಮಾತು ಬಂದೇ ಬರುತ್ತದೆ. ಆ ಗೆರೆ ಅಷ್ಟು ನೇರ ಇಲ್ಲ. ಮನುಷ್ಯ ಸ್ವಂತ ಬಲದಿಂದ ನೀತಿವಂತನಾಗಿ ನಡೆಯಬಲ್ಲ ಎಂದ ಪೆಲಾಜಿಯಸನ ಬೋಧನೆಯನ್ನು 418ರಲ್ಲೇ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ತಳ್ಳಿಹಾಕಿತ್ತು, ಅದರ ಹಿಂದೆ ಇದ್ದವರು ಸಂತ ಅಗಸ್ಟೀನರು. ಸಾವಿರ ವರ್ಷ ಕಳೆದ ಮೇಲೆ, ಪ್ರಾಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ನೆಮ್ಮದಿ ಸಿಗದೆ ಸತ್ಯವೇದದ ಪೌಲನ ಪತ್ರಗಳಿಗೆ ಹೋದರು. 1517ರಿಂದ ಜಗಳ ಶುರುವಾಯಿತು. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಲೂಥರರ ಬೋಧನೆಗೆ ಉತ್ತರ ಕೊಟ್ಟಾಗಲೂ, ಕೃಪೆಯಿಲ್ಲದೆ ಬರೀ ಸ್ವಂತ ಕ್ರಿಯೆಯಿಂದ ಮನುಷ್ಯ ನೀತಿವಂತನಾಗಬಲ್ಲ ಅನ್ನುವವರನ್ನು ಮೊದಲ ನಿಯಮದಲ್ಲೇ ಖಂಡಿಸಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆ ನೋಡಿ ಅಲ್ಲ. 2006ರಲ್ಲಿ ಮೆಥಡಿಸ್ಟರೂ ಒಪ್ಪಿದರು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ, ಆದರೆ ಈ ವಿಷಯದಲ್ಲಿ ಪಕ್ಕದ ಚರ್ಚಿನವರನ್ನು ಚುಚ್ಚಲು ನಮಗೆ ಈಗ ದೊಡ್ಡ ಕಾರಣ ಉಳಿದಿಲ್ಲ.

ಸಂಜೆಯ ಸತ್ಯವೇದ ಪಾಠದಲ್ಲಿ ಮತ್ತಾಯನ 20ನೇ ಅಧ್ಯಾಯ ತೆಗೆದರೆ ಒಂದು ತಮಾಷೆ ನಡೆಯುತ್ತದೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಆಫೀಸಿನಲ್ಲಿ ಕೆಲಸ ಮಾಡುವವರು ತಕ್ಷಣ ಅನ್ಯಾಯ ಅನ್ನುತ್ತಾರೆ. ಸೀನಿಯಾರಿಟಿ ಅಂತ ಒಂದಿದೆ ಅಲ್ವಾ? ಮೀನುಗಾರರ ಮನೆಯ ಕೂಟದಲ್ಲಿ ಮಾತ್ರ ಹಾಗೆ ಆಗಲಿಲ್ಲ. ಒಬ್ಬ ಹಿರಿಯರು ಸುಮ್ನೆ ನಕ್ಕು, "ಏಂಡಿ ಬಲೆ ದಡಕ್ಕೆ ಬರುವ ಹೊತ್ತಿಗೆ ಯಾರಾದ್ರೂ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದ್ರೆ ಅವನ ಚೀಲಕ್ಕೂ ನಾಲ್ಕು ಬಂಗಡೆ ಹಾಕ್ತೇವೆ. ಬರಿಗೈಲಿ ಕಳಿಸ್ತೇವಾ?" ಅಂದರು. ಇನ್ನೊಬ್ಬರು ತಕ್ಷಣ, "ಆದ್ರೆ ಪಾಲು ಬೇರೆ, ನಾಲ್ಕು ಬಂಗಡೆ ಬೇರೆ" ಅಂದರು. ಅದೂ ಸರಿಯೇ. ಯೇಸುವಿನ ಕಥೆಯಲ್ಲಿ ಸಿಗುವುದು ಪೂರಾ ಪಾಲು, ಅದಕ್ಕೇ ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರು ಗೊಣಗಿದ್ದು. ಶಿಲುಬೆಯ ಮೇಲೆ ಪಕ್ಕದಲ್ಲಿ ನೇತಾಡುತ್ತಿದ್ದ ಅಪರಾಧಿಗೆ ಇನ್ನು ಒಂದೇ ಒಂದು ಒಳ್ಳೆಯ ಕೆಲಸ ಮಾಡಲೂ ಸಮಯ ಇರಲಿಲ್ಲ. ಅವನಿಗೆ ಸಿಕ್ಕಿದ್ದೂ ಪೂರಾ ಪಾಲೇ.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದಾ? ಕಾಲೇಜು ಹುಡುಗರು ಇದನ್ನು ಕೇಳದೆ ಬಿಡುವುದಿಲ್ಲ, ಕೇಳಲೂ ಬೇಕು. ಪೌಲನಿಗೂ ಈ ಪ್ರಶ್ನೆ ಬಂದಿತ್ತು, ರೋಮಾದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಶುರುವಾಗುವುದೇ ಅದರಿಂದ. ನನಗೆ ಇದಕ್ಕಿಂತ ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನ ಕಥೆ ಇಷ್ಟ. ಯೇಸು ಅವನ ಮನೆಗೆ ಮೊದಲು ಬಂದ, ಆಮೇಲೆ ಅವನು ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ವಂಚಿಸಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಕೊಟ್ಟ ಮೇಲೆ ಬರುತ್ತೇನೆ ಅಂತ ಯೇಸು ಹೇಳಲಿಲ್ಲ. ಕ್ರಿಯೆ ಇದೆ, ಜೋರಾಗಿಯೇ ಇದೆ, ಆದರೆ ಅದು ಬಂದದ್ದು ಎರಡನೆಯದಾಗಿ. ಮತ್ತಾಯನ 25ನೇ ಅಧ್ಯಾಯದಲ್ಲಿ ಹಸಿದವರಿಗೆ ಊಟ ಕೊಟ್ಟು, ಸೆರೆಯಲ್ಲಿದ್ದವರನ್ನು ನೋಡಲು ಹೋಗಿ ನಿತ್ಯಜೀವಕ್ಕೆ ಹೋಗುವವರು ಇದ್ದಾರಲ್ಲ, ಅವರಿಗೆ ತಾವು ಮಾಡಿದ್ದೇ ನೆನಪಿಲ್ಲ. "ಯಾವಾಗ ನಿನಗೆ ಊಟ ಕೊಟ್ಟೆವು?" ಅಂತ ಕೇಳುತ್ತಾರೆ. ಅವರ ಹತ್ತಿರ ರಸೀದಿ ಇಲ್ಲ.

ಹಿಂದೂ ಸ್ನೇಹಿತರು ಕೇಳುವ ಪ್ರಶ್ನೆ ಬೇರೆ: ನಾವು ಒಳ್ಳೆಯವರಾಗಿ ಬದುಕಿದ್ದೇವೆ, ಅದಕ್ಕೆ ಬೆಲೆ ಇಲ್ವಾ? ಬೆಲೆ ಇದೆ. ಯಾರ ಒಳ್ಳೆಯತನವನ್ನೂ ಸಣ್ಣದು ಮಾಡುವ ಅಧಿಕಾರ ನನಗಿಲ್ಲ, ಸ್ವನೀತಿಯ ಬಗ್ಗೆ ಯೇಸು ಹೇಳಿದ ಕಟುವಾದ ಮಾತುಗಳೆಲ್ಲ ತನ್ನದೇ ಧರ್ಮದ ಭಕ್ತರಿಗೆ, ಇಂದಿನ ಲೆಕ್ಕದಲ್ಲಿ ನಮ್ಮಂಥವರಿಗೆ. ಈ ರೋಗಕ್ಕೆ ಜಾತಿ ಧರ್ಮ ಇಲ್ಲ ಅನ್ನುವುದಕ್ಕೆ ನಮ್ಮ ಕಡಲತೀರವೇ ಸಾಕ್ಷಿ. ಠಾಗೋರರು ಎಳೆಯ ಹರೆಯದಲ್ಲಿ, ಇಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಾಗ ಬರೆದ ನಾಟಕ ಒಬ್ಬ ಸನ್ಯಾಸಿಯದ್ದು. ಎಲ್ಲ ಬಂಧ ಕಡಿದು ಪ್ರಕೃತಿಯನ್ನೇ ಗೆಲ್ಲಲು ಹೊರಟ ಅವನನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುತ್ತದೆ.

ನನಗೆ ಜಾಸ್ತಿ ಕಷ್ಟ ಕೊಡುವ ಘಟನೆ ಬೇರೆ ಇದೆ. ಇಬ್ಬರು ಗಂಡುಮಕ್ಕಳ ಮನೆ. ಹಿರಿಯವನು ಊರಲ್ಲೇ ಉಳಿದು ಅಪ್ಪನನ್ನು ನೋಡಿಕೊಂಡ, ಕಿರಿಯವನು ಗೋವಾಕ್ಕೆ ಹೋದವನು ಹಣವನ್ನೂ ಕಳಿಸಲಿಲ್ಲ, ಫೋನನ್ನೂ ಮಾಡಲಿಲ್ಲ. ಕೊನೆಯ ವಾರದಲ್ಲಿ ಬಂದು ಅಪ್ಪನ ಕೈ ಹಿಡಿದು ಅತ್ತ. ಅಪ್ಪ ಕ್ಷಮಿಸಿದರು, ಕೊನೆಗೆ ಕರೆದ ಹೆಸರೂ ಅವನದ್ದೇ. ಮಣ್ಣು ಮಾಡಿದ ಮೇಲೆ ಹಿರಿಯವನು ನನ್ನ ಹತ್ತಿರ ಬಂದು, "ಅಯ್ಯನವರೇ, ಉಚ್ಚೆ ಬಟ್ಟೆ ಒಗೆದವನು ನಾನು. ನಿಮ್ಮ ಕೃಪೆ ನನಗೆ ಅರ್ಥ ಆಗುವುದಿಲ್ಲ" ಅಂದ.

ಇವನಿಗೆ ಸ್ವನೀತಿಯ ಪಾಠ ಹೇಳುವುದು ಕ್ರೂರತನ. ಅವನು ಹೇಳಿದ್ದೆಲ್ಲ ನಿಜ. ಲೂಕನ 15ನೇ ಅಧ್ಯಾಯದ ಕಥೆಯಲ್ಲಿ, ಆಸ್ತಿ ಹಾಳುಮಾಡಿ ತಿರುಗಿ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿಸಿದಾಗ ಹಿರಿಯ ಮಗ ಹೇಳುವುದೂ ನಿಜವೇ, ಇಷ್ಟು ವರ್ಷ ದುಡಿದರೂ ಒಂದು ಆಡಿನ ಮರಿ ಸಿಗಲಿಲ್ಲ ಅನ್ನುವ ಸಂಕಟ. ಪ್ರಸಂಗಗಳಲ್ಲಿ ನಾವು ತಂದೆ ಕಿರಿಯವನ ಕಡೆಗೆ ಓಡಿದ್ದನ್ನೇ ಹೇಳುತ್ತೇವೆ. ಹಿರಿಯವನು ಒಳಗೆ ಬರಲು ಒಪ್ಪದೆ ನಿಂತಾಗಲೂ ತಂದೆ ಔತಣ ಬಿಟ್ಟು ಹೊರಗೆ ಬಂದು ಬೇಡಿಕೊಂಡ. ಮಗನೇ, ನೀನು ಯಾವಾಗಲೂ ನನ್ನ ಜೊತೆಗಿದ್ದೀ, ನನ್ನದೆಲ್ಲ ನಿನ್ನದೇ ಅಂದ. ಹಿರಿಯವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

ಬಟ್ಟೆ ಒಗೆದ ಆ ಹಿರಿಯ ಮಗನಿಗೆ ನಾನು ಈ ಭಾಗ ಓದಿ ಹೇಳಲಿಲ್ಲ. ಅಪ್ಪನ ಕೊನೆಯ ವರ್ಷಗಳ ಬಗ್ಗೆ ಕೇಳಿದೆ. ಏನು ತಿನ್ನುತ್ತಿದ್ದರು, ರಾತ್ರಿ ಏನು ಮಾತಾಡುತ್ತಿದ್ದರು ಅಂತ. ಅವನಿಗೆ ಗೊತ್ತಿದ್ದಷ್ಟು ಅಪ್ಪ ತಮ್ಮನಿಗೆ ಗೊತ್ತಿರಲಿಲ್ಲ. ಮಾತಾಡುತ್ತಾ ಹೋದ ಹಾಗೆ ಅದು ಅವನಿಗೂ ಕಂಡಿತು ಅನಿಸುತ್ತದೆ, ಯಾಕೆಂದರೆ ಉಚ್ಚೆ ಬಟ್ಟೆಯ ಮಾತು ಮತ್ತೆ ಬರಲಿಲ್ಲ, ಬದಲಿಗೆ ಅಪ್ಪನಿಗೆ ಚಹಾಕ್ಕೆ ಎಷ್ಟು ಸಕ್ಕರೆ ಬೇಕಿತ್ತು ಅನ್ನುವುದರ ಬಗ್ಗೆಯೇ ಹತ್ತು ನಿಮಿಷ ಮಾತಾಡಿದ. ಮನೆ ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ. ಅದಕ್ಕೆ ವಕೀಲರನ್ನು ನೋಡಿ ಅಂತಲೇ ಹೇಳಿದ್ದೇನೆ, ತಮ್ಮನನ್ನು ಕ್ಷಮಿಸಿದೆ ಅಂದರೆ ಜಾಗ ಬರೆದುಕೊಡಬೇಕು ಅಂತ ಎಲ್ಲೂ ಇಲ್ಲ.