ಸ್ಟೇರಿಂಗ್ ಪಕ್ಕದ 0, 1, 2, 3

ಕಾರು ತಗೊಳ್ಳುವಾಗ ಎಲ್ಲರೂ ಕೇಳುವುದು ಮೈಲೇಜ್ ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಇದೆಯಾ ಅಂತ. ಅದೇ ಕಾರು ಮೂರು ನಾಲ್ಕು ವರ್ಷ ಓಡಿ ನಮ್ಮ ಗ್ಯಾರೇಜಿಗೆ ಬಂದಾಗ ಮಾಲೀಕರು ಹೊಗಳುವ ಸಂಗತಿ ಬೇರೆಯೇ ಇರುತ್ತದೆ. "ಮುಂದಿನ ಸೀಟಿನ ಹಿಂದೆ ಒಂದು ಕೊಕ್ಕೆ ಕೊಟ್ಟಾರಲ್ರೀ, ಭಾಳ ಉಪಯೋಗ ಆತು" ಅನ್ನುತ್ತಾರೆ. ದಾವಣಗೆರೆಯವರಿಗೆ ಆ ಕೊಕ್ಕೆಯ ಬೆಲೆ ಚೆನ್ನಾಗಿ ಗೊತ್ತು. ಬೆಣ್ಣೆದೋಸೆ ಪಾರ್ಸೆಲ್ ಕಟ್ಟಿಸಿಕೊಂಡು ಹೊರಟರೆ ಚಟ್ನಿ ಸೀಟಿಗೆ ಚೆಲ್ಲದೆ ಮನೆ ಮುಟ್ಟಬೇಕಲ್ಲ.

ಆದರೆ ಕೊಕ್ಕೆ ಕಣ್ಣಿಗೆ ಕಾಣುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಕಾರಿನಲ್ಲಿ ಇರುವ ಇಂಥ ಎಷ್ಟೋ ಅನುಕೂಲಗಳು ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಅವುಗಳಿಗೆ ದುಡ್ಡು ಕೊಟ್ಟಾಗಿದೆ, ಕಾರಿನಲ್ಲಿ ಕೂತಿವೆ, ಬಳಕೆ ಮಾತ್ರ ಇಲ್ಲ. ಕೆಲವು ಜೀವ ಉಳಿಸುವಂಥವು. ನನ್ನ ಕೈಗೆ ಬರುವ ಕಾರುಗಳಲ್ಲಿ ಪದೇ ಪದೇ ಕಾಣುವ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಸ್ಟೇರಿಂಗ್ ಪಕ್ಕದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಡೆ ಇರುವ ಪುಟ್ಟ ಚಕ್ರ. ಅದರ ಮೇಲೆ 0, 1, 2, 3 ಅಂತ ಬರೆದಿರುತ್ತದೆ, ಹತ್ತಿರ ಹೆಡ್‌ಲೈಟಿನ ಚಿತ್ರ. ಕೆಲವು ಕಾರುಗಳಲ್ಲಿ ಇದು ಗುಂಡಿಯ ರೂಪದಲ್ಲಿ ಇರುತ್ತದೆ. ಹೆಡ್‌ಲೈಟಿನ ಬೆಳಕು ಎಷ್ಟು ಎತ್ತರಕ್ಕೆ ಬೀಳಬೇಕು ಅನ್ನುವುದನ್ನು ಇದು ನಿರ್ಧರಿಸುತ್ತದೆ. 0 ಇಟ್ಟರೆ ಬೆಳಕು ದೂರಕ್ಕೆ ಹೋಗುತ್ತದೆ. ಅಂಕಿ ಹೆಚ್ಚಾದಷ್ಟೂ ಬೆಳಕು ಕೆಳಗೆ ಇಳಿಯುತ್ತದೆ.

ಇದು ಯಾಕೆ ಬೇಕು? ಡ್ರೈವರ್ ಒಬ್ಬನೇ ಇದ್ದಾಗ ಕಾರು ಸಮ ನಿಂತಿರುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಎರಡು ಚೀಲ ಅಡಿಕೆಯೋ ಅಕ್ಕಿಯೋ ಹಾಕಿದಾಗ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೆ ಏಳುತ್ತದೆ. ಹೆಡ್‌ಲೈಟೂ ಅದರ ಜೊತೆಗೇ ಏಳುತ್ತದೆ. ಬರೀ ಒಂದು ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 87 ಸೆಂಟಿಮೀಟರ್ ಮೇಲಕ್ಕೆ ಹೋಗಿರುತ್ತದೆ. ನೀವು ಡಿಮ್ ಮಾಡಿಕೊಂಡೇ ಬಂದರೂ ಎದುರಿಗೆ ಬರುವವನ ಕಣ್ಣಿಗೇ ಹೊಡೆಯುತ್ತದೆ. ನಡುವೆ ಡಿವೈಡರ್ ಇರುವ ಹೆದ್ದಾರಿಯಲ್ಲಿ ಹೇಗೋ ನಡೆಯುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ರಸ್ತೆಗಳಲ್ಲಿ ಎದುರಿನವನಿಗೂ ನಿಮಗೂ ನಡುವೆ ಒಂದು ಬಿಳಿ ಗೆರೆ ಬಿಟ್ಟರೆ ಏನೂ ಇಲ್ಲ. ಅದರ ಮೇಲೆ ಮೆಕ್ಕೆಜೋಳ ತುಂಬಿಕೊಂಡು ಹಿಂದೆ ಲೈಟೇ ಇಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೈಲರ್ ಬೇರೆ. ಎರಡು ಸೆಕೆಂಡು ಕಣ್ಣು ಕಟ್ಟಿದರೆ ಸಾಕು. ಅದಕ್ಕೇ ಜನ, ಸಾಮಾನು ತುಂಬಿದಾಗ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ. ಯಾವ ಭಾರಕ್ಕೆ ಯಾವ ಅಂಕಿ ಅನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಇದರ ಉಲ್ಟಾ ಕೇಸುಗಳೂ ನಮ್ಮಲ್ಲಿಗೆ ಬರುತ್ತವೆ. "ಹೆಡ್‌ಲೈಟ್ ಡಲ್ ಆಗಿದೆ, ಪವರ್ ಜಾಸ್ತಿ ಇರೋ ಬಲ್ಬ್ ಹಾಕಿಬಿಡಿ" ಅನ್ನುತ್ತಾರೆ. ನೋಡಿದರೆ ಚಕ್ರ 3ರಲ್ಲಿ ಇರುತ್ತದೆ. ಕಾರು ತೊಳೆಸಿದಾಗ ಬಟ್ಟೆ ತಾಗಿಯೋ, ಮಕ್ಕಳ ಕೈ ಆಡಿಯೋ ತಿರುಗಿರುತ್ತದೆ, ಅಷ್ಟೇ. 0ಕ್ಕೆ ತಂದು ಗೋಡೆಗೆ ಬೆಳಕು ಬಿಟ್ಟು ತೋರಿಸಿದರೆ ಖುಷಿಯಾಗಿ ಹೋಗುತ್ತಾರೆ. ಬಲ್ಬಿಗೆ ದುಡ್ಡು ಹಾಕುವ ಮುಂಚೆ ದಯವಿಟ್ಟು ಈ ಚಕ್ರ ನೋಡಿ. ಪವರ್ ಜಾಸ್ತಿ ಇರುವ ಬಲ್ಬ್ ಹಾಕಿದರೆ ವೈರಿಂಗ್ ಬಿಸಿಯಾಗುತ್ತದೆ, ಹೋಲ್ಡರ್ ಕರಗಿದ್ದನ್ನೂ ನೋಡಿದ್ದೇನೆ.

ಒಳಗಿನ ಮಿರರ್ ಕೆಳಗಿನ ಸಣ್ಣ ಹಿಡಿಕೆಯೂ ಬೆಳಕಿನ ವಿಷಯವೇ. ಹಿಂದಿನ ಲಾರಿಯ ಲೈಟ್ ಕಣ್ಣಿಗೆ ಚುಚ್ಚಿದಾಗ ಕೆಲವರು ಮಿರರನ್ನೇ ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ. ಬೇಕಾಗಿಲ್ಲ. ಆ ಮಿರರಿನ ಗಾಜು ಮೇಲೆ ಕೆಳಗೆ ಒಂದೇ ದಪ್ಪ ಇರುವುದಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಗಲು ನಾವು ನೋಡುವುದು ಹಿಂಬದಿಯ ಲೇಪನದಿಂದ ಬರುವ ಪೂರ್ತಿ ಬೆಳಕನ್ನು. ಹಿಡಿಕೆ ಎಳೆದರೆ ಆ ಬೆಳಕು ಕಾರಿನ ಸೂರಿನ ಕಡೆ ಹೋಗುತ್ತದೆ. ಗಾಜಿನ ಮುಂಬದಿಯಿಂದ ಬರುವ ಮಂದ ಬೆಳಕು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಲಾರಿ ಕಾಣುತ್ತದೆ, ಕಣ್ಣು ಕುಕ್ಕುವುದಿಲ್ಲ. ವೈರ್ ಇಲ್ಲ, ಬಲ್ಬ್ ಇಲ್ಲ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಇಂಥ ಕೆಲಸ ನೋಡಿದಾಗ ಮಾಡಿದವರ ಮೇಲೆ ನನಗೆ ಗೌರವ ಬರುತ್ತದೆ.

ಇನ್ನೊಂದು, ಹೆಣ್ಣುಮಕ್ಕಳು ಗಮನಿಸಬೇಕಾದದ್ದು. "ಬೆಲ್ಟ್ ಕುತ್ತಿಗೆಗೆ ಒತ್ತುತ್ತೆ ಅಣ್ಣಾ, ಅದಕ್ಕೇ ಕಂಕುಳ ಕೆಳಗೆ ಹಾಕ್ಕೊಳ್ತೀನಿ" ಅಂತ ಹೇಳುವವರು ತುಂಬಾ ಜನ. ಕಂಕುಳ ಕೆಳಗೆ ಹಾಕಿದ ಬೆಲ್ಟ್ ಅಪಘಾತದಲ್ಲಿ ಪಕ್ಕೆಲುಬಿಗೆ ಬೀಳುತ್ತದೆ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಮುಂದಿನ ಬಾಗಿಲ ಪಕ್ಕದ ಕಂಬದಲ್ಲಿ, ಬೆಲ್ಟ್ ಹೊರಗೆ ಬರುವ ಜಾಗದಲ್ಲಿ ಒಂದು ಒತ್ತುಗುಂಡಿ ಇದೆಯಾ ನೋಡಿ. ಒತ್ತಿ ಹಿಡಿದು ಕೆಳಕ್ಕೆ ಜಾರಿಸಿದರೆ ಬೆಲ್ಟ್ ಕುತ್ತಿಗೆ ಬಿಟ್ಟು ಹೆಗಲ ಮಧ್ಯಕ್ಕೆ ಬರುತ್ತದೆ. ಕೆಲಸ ಐದು ಸೆಕೆಂಡಿನದು. ಕೆಲವು ಕಾರುಗಳಲ್ಲಿ, ಅದರಲ್ಲೂ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ, ಈ ಸೌಲಭ್ಯ ಕೊಟ್ಟಿರುವುದಿಲ್ಲ. ಕಾರು ತಗೊಳ್ಳುವಾಗ ಮನೆಯಲ್ಲಿ ಯಾರು ಓಡಿಸುತ್ತಾರೋ ಅವರನ್ನೇ ಕೂರಿಸಿ ಬೆಲ್ಟ್ ಹಾಕಿಸಿ ನೋಡಿ. ಸನ್‌ರೂಫಿಗಿಂತ ಇದು ಮುಖ್ಯ.

ಬೆಲ್ಟ್ ಹಾಕದಿದ್ದರೆ ಬರುವ ಬೀಪ್, 80 ದಾಟಿದರೆ ಬರುವ ಬೀಪ್ ಬಗ್ಗೆಯೂ ಒಂದು ಮಾತು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಇವು ಕಡ್ಡಾಯ. ವೇಗ 80 ದಾಟಿದರೆ ಆಗಾಗ ಎಚ್ಚರಿಸುತ್ತದೆ, 120 ದಾಟಿದರೆ ಬಿಡದೆ ಹೊಡೆಯುತ್ತದೆ. ಇದನ್ನು ಬಂದ್ ಮಾಡಿಕೊಡಿ ಅಂತ ಬಹಳ ಜನ ಕೇಳುತ್ತಾರೆ. ಬೆಲ್ಟ್ ಬಕಲ್‌ಗೆ ಸಿಕ್ಕಿಸುವ ಖಾಲಿ ಕ್ಲಿಪ್ ತಂದು ತೋರಿಸುವವರೂ ಇದ್ದಾರೆ. ನಾನು ಮಾಡಿಕೊಡುವುದಿಲ್ಲ. ಚಿತ್ರದುರ್ಗ ದಾಟಿದ ಮೇಲೆ ನೇರ ರಸ್ತೆ, ಗಾಳಿಯಂತ್ರ ನೋಡುತ್ತಾ 80 ಹೋಗಿ 110 ಆಗಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಆಗ ಹೇಳುವುದಕ್ಕೆ ಆ ಬೀಪ್ ಒಂದೇ ಇರುವುದು.

ಕ್ಲಚ್ ಪಕ್ಕ, ಎಡಗಡೆ ತುದಿಯಲ್ಲಿ ಕಾಲಿಡಲು ಓರೆಯಾದ ಜಾಗ ಇದ್ದರೆ ಅದನ್ನು ಬಳಸಿ. ಸುಮ್ನೆ ಕ್ಲಚ್ ಮೇಲೆ ಕಾಲು ಇಟ್ಟುಕೊಂಡು ಓಡಿಸುವುದು ನಮ್ಮ ಕಡೆ ದೊಡ್ಡ ರೋಗ. ಒತ್ತಿಲ್ಲ ಅಂದುಕೊಂಡಿರುತ್ತಾರೆ, ಕಾಲಿನ ಭಾರಕ್ಕೇ ಕ್ಲಚ್ ಸ್ವಲ್ಪ ಒತ್ತಿರುತ್ತದೆ. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಡದಲ್ಲೇ ತಿರುಗುತ್ತಿರುತ್ತದೆ, ಕ್ಲಚ್ ಪ್ಲೇಟ್ ಜಾರುತ್ತಾ ಸವೆಯುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಸುಟ್ಟ ಪ್ಲೇಟಿನ ವಾಸನೆಯಲ್ಲೇ ಓಡಿಸುವವರ ಅಭ್ಯಾಸ ಗೊತ್ತಾಗುತ್ತದೆ.

ಪೆಟ್ರೋಲ್ ಮೀಟರಿನಲ್ಲಿ ಬಂಕ್ ಚಿತ್ರದ ಪಕ್ಕದ ಬಾಣ ಈಗ ಬಹಳ ಜನಕ್ಕೆ ಗೊತ್ತು. ಟ್ಯಾಂಕ್ ಮುಚ್ಚಳ ಯಾವ ಕಡೆ ಇದೆ ಅಂತ ತೋರಿಸುವ ಬಾಣ ಅದು. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಅನ್ನುವ ಎಂಜಿನಿಯರ್ 1986ರಲ್ಲಿ ಆಫೀಸಿನ ಕಾರು ಒಯ್ದು, ಮಳೆಯಲ್ಲಿ ಬಂಕಿನ ತಪ್ಪು ಬದಿಗೆ ನಿಲ್ಲಿಸಿ ನೆನೆದರು. ವಾಪಸ್ ಬಂದವರೇ ಈ ಸಲಹೆ ಬರೆದು ಕೊಟ್ಟರು. 1989ರ ಮಾಡೆಲ್‌ಗಳಲ್ಲಿ ಬಾಣ ಬಂತು.

ಬಟನ್ ಸ್ಟಾರ್ಟ್ ಕಾರುಗಳ ಕೀ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಚಿತ್ರದುರ್ಗದ ಕೋಟೆ ನೋಡಲು ಹೋಗಿದ್ದ ನಮ್ಮ ಗಿರಾಕಿಯೊಬ್ಬರು ಮಟಮಟ ಮಧ್ಯಾಹ್ನ ಫೋನ್ ಮಾಡಿದರು. ಕೀ ಒತ್ತಿದರೆ ಬಾಗಿಲು ತೆಗೆಯುತ್ತಿಲ್ಲ, ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ.

"ಗಾಬರಿ ಆಗಬೇಡ್ರೀ. ಕೀ ಪಕ್ಕದಲ್ಲಿ ಸಣ್ಣ ಗುಂಡಿ ಐತಿ ನೋಡ್ರಿ, ಅದನ್ನ ಒತ್ತಿ ತುದಿ ಎಳೀರಿ."

"ಅಯ್ಯೋ, ಒಳಗೆ ಕಬ್ಬಿಣದ ಕೀನೇ ಐತಲ್ರೀ!"

ಅದರಲ್ಲಿ ಬಾಗಿಲು ತೆಗೆದರು. ಬ್ರೇಕ್, ಕ್ಲಚ್ ಎರಡೂ ತುಳಿದು, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಿ ಅಂದೆ. ಗಾಡಿ ಸ್ಟಾರ್ಟ್ ಆಯಿತು. ಕೀಯೊಳಗಿನ ಸೆಲ್ ಸತ್ತಿತ್ತು, ಅಷ್ಟೇ. ಕೀಯಲ್ಲಿ ಇನ್ನೊಂದು ಚಿಪ್ ಇರುತ್ತದೆ, ಅದಕ್ಕೆ ಸೆಲ್ ಬೇಡ. ಬಟನ್ ಹತ್ತಿರ ಇರುವ ಸುರುಳಿಯೇ ಅದಕ್ಕೆ ಬೇಕಾದಷ್ಟು ವಿದ್ಯುತ್ ಕೊಟ್ಟು ಗುರುತು ಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಬೇರೆ ಇರುತ್ತದೆ, ಬಾಗಿಲಿನ ಕೀ ತೂತು ಹಿಡಿಕೆಯ ಮುಚ್ಚಳದೊಳಗೆ ಅಡಗಿರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿ ಅಂತ ಮನೆ ಮುಂದೆಯೇ ಒಂದು ಸಲ ಮಾಡಿ ನೋಡಿಟ್ಟುಕೊಳ್ಳಿ.

ಭದ್ರಾ ನಾಲೆ ಪಕ್ಕದ ಗದ್ದೆ ದಾರಿಗಳಲ್ಲಿ ಕಾರು ಹೂತುಕೊಂಡಾಗ ಬಂಪರಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿಂದ ಎಳೆಯುತ್ತಾರೆ. ಬಂಪರ್ ಕಿತ್ತು ಕೈಗೆ ಬರುತ್ತದೆ. ಸ್ಟೆಪ್ನಿ, ಜಾಕ್ ಇರುವ ಜಾಗದಲ್ಲಿ ಒಂದು ದಪ್ಪ ಕಬ್ಬಿಣದ ಬಳೆ ಇದೆಯಾ ನೋಡಿ. ಮುಂದಿನ ಬಂಪರಿನಲ್ಲಿ ಸಣ್ಣ ಚೌಕದ ಮುಚ್ಚಳ ತೆಗೆದು, ಒಳಗೆ ಆ ಬಳೆಯನ್ನು ಪೂರ್ತಿ ಬಿಗಿಸಿ, ಅದಕ್ಕೆ ಹಗ್ಗ ಕಟ್ಟಬೇಕು. ಬಳೆ ನೇರ ಚಾಸಿಗೆ ಸೇರಿರುತ್ತದೆ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರ್ ಗಾಳಿಯ ಚೀಟಿ ಅಂಟಿಸಿರುತ್ತಾರೆ. ಕಡಿಮೆ ಜನಕ್ಕೆ ಒಂದು ಲೆಕ್ಕ, ಫುಲ್ ಲೋಡಿಗೆ ಒಂದು ಲೆಕ್ಕ. ಎಲ್ಲದಕ್ಕೂ "35 ಹೊಡಿ" ಅನ್ನುವ ಬದಲು ಅದನ್ನು ನೋಡಿ, ಟೈರ್ ತಣ್ಣಗಿದ್ದಾಗ ಹೊಡೆಸಿ. ಟೈರ್ ಗೆರೆಗಳ ಒಳಗೆ ಅಡ್ಡಲಾಗಿ ಸಣ್ಣ ಉಬ್ಬುಗಳಿವೆ, 1.6 ಮಿಲಿಮೀಟರ್ ಎತ್ತರ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂತು ಅಂದರೆ ಬದಲಿಸಲೇಬೇಕು.

ಕೊನೆಗೆ ಬಾಗಿಲಿನ ತೂತುಗಳು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಉದ್ದನೆಯ ತೂತುಗಳಿರುತ್ತವೆ. ಗಾಜಿನ ಪಕ್ಕದ ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಮಳೆ ನೀರು ಸ್ವಲ್ಪ ಬಾಗಿಲೊಳಗೆ ಇಳಿಯುತ್ತದೆ. ಇಳಿಯಲಿ ಅಂತಲೇ ಕಾರು ಮಾಡಿದವರು ಲೆಕ್ಕ ಹಾಕಿ, ಕೆಳಗೆ ದಾರಿ ಬಿಟ್ಟಿದ್ದಾರೆ. ನಮ್ಮ ಕಡೆ ಬೇಸಿಗೆಯಿಡೀ ಧೂಳು ಆ ತೂತಿಗೆ ತುಂಬುತ್ತದೆ, ಮೊದಲ ಮಳೆಗೆ ಅದೇ ಕೆಸರಾಗಿ ಗಟ್ಟಿಯಾಗುತ್ತದೆ. ಇನ್ನು ಕೆಲವು ಕಡೆ ಕಾರಿನ ಅಡಿಗೆ ಕೋಟಿಂಗ್ ಹೊಡೆಯುವವರು ತೂತಿನ ಮೇಲೂ ಹೊಡೆದುಬಿಡುತ್ತಾರೆ. ಕೋಟಿಂಗ್ ಮಾಡಿಸಿದ್ದೇ ತುಕ್ಕು ಹಿಡಿಯದಿರಲಿ ಅಂತ, ಬಾಗಿಲು ತುಕ್ಕು ಹಿಡಿಯುವುದು ಅದರಿಂದಲೇ. ಬಾಗಿಲು ತೆಗೆದು ಹಾಕುವಾಗ ಒಳಗೆ ಗುಳುಗುಳು ಸದ್ದು ಬಂದರೆ ನೀರು ನಿಂತಿದೆ ಅಂತಲೇ ಅರ್ಥ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಇರುವ ಜಾಲರಿಗೂ ಇದೇ ಪಾಡು. ನೆರಳಿಗೆ ಅಂತ ಹೊಂಗೆ, ಬೇವಿನ ಮರದಡಿ ನಿಲ್ಲಿಸುತ್ತೇವೆ. ಎಲೆ, ಹೂವು ಜಾಲರಿಯೊಳಗೆ ಬಿದ್ದು ನೀರಿನ ದಾರಿ ಮುಚ್ಚುತ್ತವೆ. ನೀರು ಬ್ಲೋವರ್ ಮೂಲಕ ಒಳಗಿಳಿದು ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಆಮೇಲೆ ಎಸಿ ಹಾಕಿದರೆ ಮುಗ್ಗಲು ವಾಸನೆ.

ಎರಡಕ್ಕೂ ಮದ್ದು ಮನೆಯಲ್ಲೇ ಇದೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಜಾಲರಿ ಮೇಲಿನ ಎಲೆಗಳನ್ನು ಕೈಯಲ್ಲಿ ಆರಿಸಿ ತೆಗೆಯಿರಿ. ಬಾಗಿಲಿನ ತೂತಿಗೆ ತೆಳುವಾದ ಪ್ಲಾಸ್ಟಿಕ್ ಕಡ್ಡಿಯೋ ತೆಂಗಿನ ಗರಿಕಡ್ಡಿಯೋ ಹಾಕಿ ಬಿಡಿಸಿ. ತಂತಿ, ಸ್ಕ್ರೂಡ್ರೈವರ್ ಹಾಕಬೇಡಿ, ಒಳಗಿನ ಬಣ್ಣ ಕೆರೆದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಗಾಜಿನ ಹೊರಬದಿಯ ಮೇಲೆ ಒಂದು ಚೊಂಬು ನೀರು ಸುರಿದು ಬಾಗಿಲ ಕೆಳಗೆ ನೋಡಿ. ಸ್ವಲ್ಪ ಹೊತ್ತಿನಲ್ಲಿ ತೂತುಗಳಿಂದ ನೀರು ತೊಟ್ಟಿಕ್ಕಿದರೆ ದಾರಿ ಬಿಟ್ಟಿದೆ. ತೊಟ್ಟಿಕ್ಕದಿದ್ದರೆ ನಿಮ್ಮ ಮೆಕ್ಯಾನಿಕ್ ಹತ್ತಿರ ಒಳಗಿನ ಹಲಗೆ ಬಿಚ್ಚಿಸಿ ತೊಳೆಸಿ.