ಎಲ್ಲ ಕೆಟ್ಟು ನಿಂತಾಗ ಮಾತ್ರ ಕೆಲಸಕ್ಕೆ ಬರುವ ಕೋಡ್

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೊಸ ವಾಚ್‌ಡಾಗ್ ಡ್ರೈವರ್, ಅಂದರೆ ವಾಚ್‌ಡಾಗ್ ಹಾರ್ಡ್‌ವೇರನ್ನು ನಡೆಸುವ ಕೋಡ್, ರಿವ್ಯೂಗೆ ಬಂದರೆ ನಾನು ಮೊದಲು ಪೇಪರ್, ಪೆನ್ನು ಹತ್ತಿರ ಇಟ್ಟುಕೊಳ್ಳುತ್ತೇನೆ. ಕೋಡ್ ಚಿಕ್ಕದೇ, ಎಷ್ಟೋ ಸಲ ಇನ್ನೂರು ಮುನ್ನೂರು ಸಾಲು. ಆದರೆ ಅದರಲ್ಲಿರುವ ತಪ್ಪು ದಿನದ ಬಳಕೆಯಲ್ಲಿ ಕಾಣಿಸುವುದೇ ಇಲ್ಲ.

ವಾಚ್‌ಡಾಗ್ ಅಂದರೆ ಚಿಪ್ ಒಳಗಿನ ಒಂದು ಕೌಂಟರ್. ಸಾಫ್ಟ್‌ವೇರ್ ಆಗಾಗ ಅದನ್ನು ಮತ್ತೆ ತುಂಬುತ್ತಿರಬೇಕು. ಇದಕ್ಕೆ ಪಿಂಗ್ ಅನ್ನುತ್ತೇವೆ. ಸಿಸ್ಟಮ್ ಹ್ಯಾಂಗ್ ಆಗಿ ಪಿಂಗ್ ನಿಂತರೆ ಕೌಂಟರ್ ಮುಗಿದು ಬೋರ್ಡ್ ರೀಸೆಟ್ ಆಗುತ್ತದೆ. ಎಲ್ಲ ಚೆನ್ನಾಗಿರುವಾಗ ಆ ರೀಸೆಟ್ ಬರುವುದೇ ಇಲ್ಲ, ಅಲ್ವಾ? ಹಾಗಾಗಿ ತಪ್ಪು ಡ್ರೈವರ್ ಕೂಡ ವರ್ಷಗಟ್ಟಲೆ ಸರಿ ಅನ್ನಿಸಿಕೊಂಡೇ ಇರಬಹುದು.

ಪೇಪರ್ ಬೇಕಾಗುವುದು ಲೆಕ್ಕಕ್ಕೆ. ರಾಸ್ಪ್‌ಬೆರಿ ಪೈ ಬೋರ್ಡನ್ನೇ ತೆಗೆದುಕೊಳ್ಳಿ. ಅದರ ವಾಚ್‌ಡಾಗ್ ಕೌಂಟರ್ 20 ಬಿಟ್‌ನದು. ಸೆಕೆಂಡಿಗೆ 65,536 ಟಿಕ್, ಅಂದರೆ ಅಷ್ಟು ಎಣಿಕೆ. ಹಾಗಾಗಿ 16 ಸೆಕೆಂಡಿನ ಒಳಗೇ ಅದರ ಮಿತಿ ಮುಗಿಯುತ್ತದೆ. ಈಗ ಯಾರೋ 20 ಸೆಕೆಂಡ್ ಕೇಳಿದರು ಅಂದುಕೊಳ್ಳಿ. ಗುಣಿಸಿದರೆ 13,10,720 ಟಿಕ್. ಮಿತಿ ನೋಡದೆ ಸುಮ್ನೆ ಮಾಸ್ಕ್ ಮಾಡಿ, ಅಂದರೆ ಕೆಳಗಿನ 20 ಬಿಟ್ ಮಾತ್ರ ಇಟ್ಟುಕೊಂಡು, ಚಿಪ್‌ನ ರಿಜಿಸ್ಟರ್‌ಗೆ ಬರೆದರೆ ಮೇಲಿನ ಬಿಟ್ ಉದುರಿ 2,62,144 ಉಳಿಯುತ್ತದೆ. ಅಂದರೆ 4 ಸೆಕೆಂಡ್. ಬಳಕೆದಾರರು 20 ಅಂತ ನಂಬಿಕೊಂಡು ಹತ್ತು ಸೆಕೆಂಡಿಗೊಮ್ಮೆ ಪಿಂಗ್ ಮಾಡಲು ಹೋಗುತ್ತಾರೆ, ಅಷ್ಟರಲ್ಲಿ ಬೋರ್ಡ್ ಬಿದ್ದಿರುತ್ತದೆ. ಕರ್ನಲ್‌ನಲ್ಲಿರುವ ಪೈ ಡ್ರೈವರ್ ಈ ಮಿತಿಯನ್ನು ಸರಿಯಾಗಿ ಹೇಳುತ್ತದೆ. ಹೊಸ ಡ್ರೈವರ್‌ಗಳಲ್ಲಿ ಮಾತ್ರ ಇದನ್ನು ಪ್ರತಿ ಸಲ ಹುಡುಕಿ ನೋಡಬೇಕು.

ಇದರ ಅಣ್ಣತಮ್ಮ ಇನ್ನೊಂದಿದೆ. ಕ್ಲಾಕ್ 24 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2.4 ಕೋಟಿ ಟಿಕ್; ಸೆಕೆಂಡನ್ನು ಟಿಕ್ ಮಾಡುವ ಗುಣಾಕಾರ 32 ಬಿಟ್‌ನಲ್ಲಿ. 178 ಸೆಕೆಂಡ್‌ವರೆಗೆ ಸರಿಯಾಗಿ ನಡೆಯುತ್ತದೆ. 179 ಕೊಟ್ಟರೆ ಲೆಕ್ಕ ಸುತ್ತಿಕೊಂಡು ಬಂದು ಸುಮಾರು 43 ಮಿಲಿಸೆಕೆಂಡ್ ಆಗುತ್ತದೆ. 60 ಸೆಕೆಂಡ್ ಇಟ್ಟು ಟೆಸ್ಟ್ ಮಾಡಿದವರಿಗೆ ಇದು ಎಂದೂ ಸಿಗುವುದಿಲ್ಲ.

ಲೆಕ್ಕ ಮುಗಿದ ಮೇಲೆ ಪ್ರೋಬ್ ಫಂಕ್ಷನ್‌ಗೆ, ಅಂದರೆ ಹಾರ್ಡ್‌ವೇರ್ ಸಿಕ್ಕಾಗ ಡ್ರೈವರ್ ಶುರುವಾಗುವ ಜಾಗಕ್ಕೆ, ಬರುತ್ತೇನೆ. ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ನನ್ನ ಪ್ರಶ್ನೆ ಒಂದೇ: ಡ್ರೈವರ್ ಬರುವಷ್ಟರಲ್ಲಿ ವಾಚ್‌ಡಾಗ್ ಆಗಲೇ ಓಡುತ್ತಿದ್ದರೆ ಏನು ಗತಿ?

ಈ ಪ್ರಶ್ನೆ ಕಲಿಸಿದ್ದು ಒಂದು ಹಳ್ಳಿಯ ಪಂಪ್‌ಹೌಸ್. ಅಲ್ಲಿ ನಾವು ಇಟ್ಟಿದ್ದ ಪುಟ್ಟ ಬೋರ್ಡ್ ತಿಂಗಳುಗಟ್ಟಲೆ ಚೆನ್ನಾಗಿತ್ತು. ಒಂದು ದಿನ ಕರೆಂಟ್ ಹೋಗಿ ಬಂತು, ಬೋರ್ಡ್ ಮತ್ತೆ ಏಳಲೇ ಇಲ್ಲ. ಸೀರಿಯಲ್ ಕೇಬಲ್ ಹಾಕಿ ನೋಡಿದರೆ ಎದ್ದು ಎದ್ದು ಬೀಳುತ್ತಿತ್ತು. ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ 60 ಸೆಕೆಂಡಿನ ಮಿತಿ ಇಟ್ಟು ವಾಚ್‌ಡಾಗ್ ಆನ್ ಮಾಡಿತ್ತು. ಕರೆಂಟ್ ಹೋದ ಮೇಲೆ ಫೈಲ್ ಸಿಸ್ಟಮ್ ಚೆಕ್ ಶುರುವಾಗಿ, ಅದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಾಗಿತ್ತು. ಚೆಕ್ ಅರ್ಧಕ್ಕೆ ಬಂದಾಗ ರೀಸೆಟ್. ಮತ್ತೆ ಮೊದಲಿಂದ ಚೆಕ್, ಮತ್ತೆ ರೀಸೆಟ್. ನೀರು ಬಿಡಬೇಕಾದವರು ಬಾಗಿಲ ಹತ್ತಿರ ಕಾಯುತ್ತಾ ನಿಂತಿದ್ದರು.

ತಪ್ಪು ಡ್ರೈವರ್‌ನಲ್ಲಿತ್ತು, ಅದನ್ನು ಕರ್ನಲ್‌ಗೆ ಸೇರಿಸಲು ಬಂದ ಕೋಡ್, ಅಂದರೆ ಪ್ಯಾಚ್, ನೋಡಿ ಒಪ್ಪಿದ್ದು ನಾನೇ. ಪ್ರೋಬ್‌ನಲ್ಲಿ ಎನೇಬಲ್ ಬಿಟ್ ಓದಿ, ಹಾರ್ಡ್‌ವೇರ್ ಆಗಲೇ ಓಡುತ್ತಿದೆ ಅಂತ ವಾಚ್‌ಡಾಗ್ ಕೋರ್‌ಗೆ, ಅಂದರೆ ಎಲ್ಲ ವಾಚ್‌ಡಾಗ್ ಡ್ರೈವರ್‌ಗಳಿಗೂ ಒಂದೇ ಆಗಿರುವ ಕರ್ನಲ್ ಕೋಡ್‌ಗೆ, ಹೇಳಬೇಕಿತ್ತು. ಅದಕ್ಕೆಂದೇ ಒಂದು ಸ್ಟೇಟಸ್ ಬಿಟ್ ಇದೆ. ಅದನ್ನು ಹಾಕಿದರೆ ಬಳಕೆದಾರರ ಪ್ರೋಗ್ರಾಂ ಬಂದು ವಾಚ್‌ಡಾಗ್ ಡಿವೈಸ್ ಫೈಲ್ ತೆರೆಯುವವರೆಗೆ ಕೋರ್ ತಾನೇ ಪಿಂಗ್ ಮಾಡುತ್ತಿರುತ್ತದೆ. ಬಿಟ್ ಹಾಕಿದರೆ ಸಾಲದು, ಡ್ರೈವರ್ ತನ್ನ ಟೈಮ್‌ಔಟ್ ಅನ್ನು ರಿಜಿಸ್ಟರ್‌ಗೂ ಬರೆಯಬೇಕು. ಬೂಟ್‌ಲೋಡರ್ ಬಿಟ್ಟುಹೋಗಿದ್ದು 10 ಸೆಕೆಂಡ್, ಡ್ರೈವರ್ ಹೇಳಿದ್ದು 30 ಅಂದರೆ ಕೋರ್ ಅದರ ಅರ್ಧ ಲೆಕ್ಕ ಹಾಕಿ 15 ಸೆಕೆಂಡಿಗೆ ಪಿಂಗ್ ಮಾಡಲು ಬರುತ್ತದೆ. ಅಷ್ಟರಲ್ಲಿ ಆಟ ಮುಗಿದಿರುತ್ತದೆ.

ಕೆಲವರು ಪ್ರೋಬ್‌ನಲ್ಲೇ ವಾಚ್‌ಡಾಗ್ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೂಟ್ ಮಧ್ಯೆ ಹ್ಯಾಂಗ್ ಆದರೆ ಎಬ್ಬಿಸುವವರೇ ಇರುವುದಿಲ್ಲ. ಕೋರ್ ಪಿಂಗ್ ಮಾಡುತ್ತಲೇ ಇದ್ದು ಪ್ರೋಗ್ರಾಂ ಬರಲೇ ಇಲ್ಲ ಅಂದರೂ ಅದೇ ತೊಂದರೆ. ಅದಕ್ಕೆ ಓಪನ್ ಟೈಮ್‌ಔಟ್ ಅನ್ನುವ ಕರ್ನಲ್ ಪ್ಯಾರಾಮೀಟರ್ ಇದೆ. ಇಷ್ಟು ಸೆಕೆಂಡಿನಲ್ಲಿ ಯಾರೂ ಡಿವೈಸ್ ತೆರೆಯದಿದ್ದರೆ ಕೋರ್ ಪಿಂಗ್ ಬಿಡುತ್ತದೆ. ಏನೂ ಕೊಡದಿದ್ದರೆ ಕಾಯುತ್ತಲೇ ಇರುತ್ತದೆ, ಆದ್ದರಿಂದ ದೂರದ ಊರಿಗೆ ಹೋಗುವ ಬೋರ್ಡ್‌ಗಳಲ್ಲಿ ಇದನ್ನು ತಪ್ಪದೆ ಹಾಕಿಸುತ್ತೇನೆ.

ಡ್ರೈವರ್‌ನ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ, ಅಂದರೆ ಹಾರ್ಡ್‌ವೇರ್ ಕರೆದಾಗ ಓಡುವ ಕೋಡ್‌ನಲ್ಲಿ, ಪಿಂಗ್ ಕಂಡರೆ ಪ್ಯಾಚ್ ವಾಪಸ್ ಕಳಿಸುತ್ತೇನೆ. ಮಿಕ್ಕಿದ್ದೆಲ್ಲ ಸತ್ತುಬಿದ್ದರೂ ಇಂಟರಪ್ಟ್ ಬರುತ್ತಲೇ ಇರಬಹುದು, ಆಗ ರೀಸೆಟ್ ಆಗುವುದೇ ಇಲ್ಲ. ಸಸ್ಪೆಂಡ್ ಆದಾಗ ಕೌಂಟರ್ ಓಡುತ್ತದೋ ನಿಲ್ಲುತ್ತದೋ ಅನ್ನುವುದನ್ನು ಚಿಪ್‌ನ ಮ್ಯಾನುಯಲ್ ತೆರೆದು ನೋಡುತ್ತೇನೆ.

ಆಮೇಲೆ ಪ್ಯಾಚ್ ಕಳಿಸಿದವರಿಗೆ ಮೂರು ಟೆಸ್ಟ್ ಕೇಳುತ್ತೇನೆ. ಒಂದು, ಪಿಂಗ್ ಮಾಡುವ ಪ್ರೋಗ್ರಾಂ ಅನ್ನು ಕಿಲ್ ಮಾಡಿ. ಬೇಕೆಂದೇ ನಿಲ್ಲಿಸುವ ಪ್ರೋಗ್ರಾಂ ಡಿವೈಸ್ ಮುಚ್ಚುವ ಮೊದಲು ಗುರುತಿಗೆ ‘ವಿ’ ಅನ್ನುವ ಇಂಗ್ಲಿಷ್ ಅಕ್ಷರ ಬರೆಯುತ್ತದೆ; ಇದು ಬರೆದಿರುವುದಿಲ್ಲ, ಹಾಗಾಗಿ ವಾಚ್‌ಡಾಗ್ ನಿಲ್ಲದೆ ಬೋರ್ಡನ್ನು ರೀಸೆಟ್ ಮಾಡಬೇಕು. ಎರಡು, ಕರ್ನಲ್ ಅನ್ನೇ ಪ್ಯಾನಿಕ್ ಮಾಡಿಸಿ, ಅಂದರೆ ಮುಂದೆ ಹೋಗಲಾಗದೆ ನಿಲ್ಲುವಂತೆ ಮಾಡಿ, ತಾನಾಗಿ ರೀಬೂಟ್ ಆಗುವ ಸೆಟ್ಟಿಂಗ್ ತೆಗೆದು. ಮೂರು, ಪ್ರೊಸೆಸರ್‌ನ ಎಲ್ಲ ಕೋರ್‌ಗಳಲ್ಲೂ ಇಂಟರಪ್ಟ್ ಆಫ್ ಮಾಡಿ ಲೂಪ್‌ನಲ್ಲಿ ಬಿಡಿ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಕೊನೆಯ ಪಿಂಗ್‌ನಿಂದ ಎಷ್ಟು ಸೆಕೆಂಡಿಗೆ ಬೋರ್ಡ್ ರೀಸೆಟ್ ಆಯಿತು ಅಂತ ಪ್ಯಾಚ್ ಜೊತೆಗೇ ಬರೆದು ಕಳಿಸಿ ಅನ್ನುತ್ತೇನೆ.