ಓದುಗರ ಪ್ರಶ್ನೆ: ಸಹಾರಾ ಅಂಚಿನ ಯುವ ರೈತರು ಸಸಿ ನೆಟ್ಟರೆ ಸಾಲದೇ?

ಪ್ರಶ್ನೆ: ಆಫ್ರಿಕಾದಲ್ಲಿ ಮರುಭೂಮಿ ವರ್ಷವರ್ಷವೂ ಊರುಗಳನ್ನು ನುಂಗುತ್ತಿದೆ ಎನ್ನುತ್ತಾರೆ. ಅಲ್ಲಿನ ಯುವಕರು ಗುಳೆ ಹೋಗುವ ಬದಲು ಕೋಟಿಗಟ್ಟಲೆ ಸಸಿ ನೆಟ್ಟು ಅದನ್ನು ತಡೆಯಬಾರದೇಕೆ?

ವನಮಹೋತ್ಸವ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರ ಕಾಳಜಿ ನಿಜವಾದದ್ದೇ. ಆದರೆ ಪ್ರಶ್ನೆಯೊಳಗೇ ಒಂದು ತಪ್ಪು ಕಲ್ಪನೆ ಭದ್ರವಾಗಿ ಕೂತಿದೆ, ಅದನ್ನು ಎಬ್ಬಿಸದೆ ಉತ್ತರ ಹೇಳಿದರೆ ಮುಂದಿನ ವರ್ಷ ಮತ್ತದೇ ಪ್ರಶ್ನೆ ಬರುತ್ತದೆ. ಚಿಕ್ಕ ಉತ್ತರ ಬೇಕಾದವರಿಗೆ: ನೈಜರ್ ಮತ್ತು ಬುರ್ಕಿನಾ ಫಾಸೊ ದೇಶಗಳ ಸಣ್ಣ ರೈತರು ಲಕ್ಷಾಂತರ ಹೆಕ್ಟೇರ್ ಹೊಲಕ್ಕೆ ಮತ್ತೆ ಹಸಿರು ತಂದಿದ್ದಾರೆ, ಬಹುಪಾಲು ಸಸಿ ನೆಡದೆಯೇ ತಂದಿದ್ದಾರೆ.

ಸಹಾರಾ ದಂಡೆತ್ತಿ ಬರುವ ಸೈನ್ಯವಲ್ಲ. ಈ ಮಾತು ಎಷ್ಟು ಸಲ ಹೇಳಿದರೂ ನಾಟುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1975ರಲ್ಲಿ ಸುಡಾನಿನಲ್ಲಿ ನಡೆದ ಒಂದು ಸಮೀಕ್ಷೆ, ಮರುಭೂಮಿ 17 ವರ್ಷಗಳಲ್ಲಿ 90ರಿಂದ 100 ಕಿ.ಮೀ. ದಕ್ಷಿಣಕ್ಕೆ ಸರಿದಿದೆ ಎಂದಿತು. ಅದನ್ನು 17ರಿಂದ ಭಾಗಿಸಿ "ವರ್ಷಕ್ಕೆ ಇಷ್ಟು ಕಿಲೋಮೀಟರ್" ಎಂಬ ಲೆಕ್ಕ ಹುಟ್ಟಿಕೊಂಡಿತು, ಭಾಷಣ ಭಾಷಣಕ್ಕೂ ಹಬ್ಬಿತು. ಸಮೀಕ್ಷೆ ನಡೆದದ್ದು ಭೀಕರ ಬರದ ಬೆನ್ನಲ್ಲೇ ಎಂಬುದನ್ನು ಯಾರೂ ಗಮನಿಸಲಿಲ್ಲ. ಮುಂದೆ ವಿಜ್ಞಾನಿಗಳು ಉಪಗ್ರಹದ ಕಣ್ಣಿನಿಂದ 1980ರಿಂದ 1990ರವರೆಗೆ ವರ್ಷ ಬಿಡದೆ ನೋಡಿದರು. ಮಳೆ ಕೈಕೊಟ್ಟ ವರ್ಷ ಸಹಾರಾದ ಗಡಿ ದಕ್ಷಿಣಕ್ಕೆ ಬಂದಿತ್ತು, ಮಳೆಯಾದ ವರ್ಷ ಹಿಂದಕ್ಕೆ ಹೋಗಿತ್ತು. 1984ರ ಬರದ ಮರುವರ್ಷ, ಒಂದೇ ವರ್ಷದಲ್ಲಿ, ಅದು ಸುಮಾರು 110 ಕಿ.ಮೀ. ಉತ್ತರಕ್ಕೆ ಸರಿಯಿತು. ಸಸಿ ನೆಟ್ಟು ಯಾರೂ ಅದನ್ನು ಅಟ್ಟಿರಲಿಲ್ಲ.

ಇಡೀ 20ನೇ ಶತಮಾನದ ಮಳೆ ಲೆಕ್ಕ ಹಿಡಿದರೆ ಸಹಾರಾ ಹಿಗ್ಗಿದೆ, ಒಪ್ಪೋಣ. ಮರಳ ದಿಬ್ಬ ಅಲ್ಲಲ್ಲಿ ಊರಿನೊಳಗೆ ನುಗ್ಗುವುದೂ ಉಂಟು. ಆದರೆ ಹೆಚ್ಚಿನ ಹೊಲಗಳು ಹಾಳಾದದ್ದು ಎಲ್ಲಿಂದಲೋ ಬಂದ ಮರಳಿನಿಂದಲ್ಲ, ನಿಂತಲ್ಲೇ ಹಾಳಾದವು. ಮರ ಹೋಯಿತು, ಬೀಳು ಬಿಡುವ ಪದ್ಧತಿ ಹೋಯಿತು, ಮೇಲ್ಮಣ್ಣು ಗಾಳಿ ಪಾಲಾಯಿತು. ಉಳಿದ ನೆಲ ಎಷ್ಟು ಬಿಗಿಯಿತೆಂದರೆ ಬಿದ್ದ ಮಳೆ ಇಂಗದೆ ಹಾಗೇ ಹರಿದುಹೋಗತೊಡಗಿತು. ರೋಗ ಹೊಲದೊಳಗೇ ಇರುವಾಗ ಗಡಿಯಲ್ಲಿ ಮರದ ಗೋಡೆ ಕಟ್ಟಿ ಫಲವೇನು?

ಗೋಡೆಯ ಪ್ರಯತ್ನವೂ ನಡೆಯಿತು. 2007ರಲ್ಲಿ ಆಫ್ರಿಕಾ ಒಕ್ಕೂಟ 'ಮಹಾ ಹಸಿರು ಗೋಡೆ' ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಜಿಬೂಟಿವರೆಗೆ ಸುಮಾರು 8,000 ಕಿ.ಮೀ. ಉದ್ದದ ಮರಗಳ ಪಟ್ಟಿ ಎಲ್ಲರ ಕಣ್ಣಮುಂದಿತ್ತು. ಜನವಸತಿಯಿಲ್ಲದ ಒಣ ಬಯಲಿನಲ್ಲಿ ನೆಟ್ಟ ಸಸಿಗೆ ನೀರು ಹಾಕುವವರು ಯಾರು, ಮೇಕೆ ತಿನ್ನದಂತೆ ಕಾಯುವವರು ಯಾರು? ಈಗ ಅದೇ ಯೋಜನೆ ಗೋಡೆಯ ಮಾತು ಬಿಟ್ಟು, ಜನ ಬದುಕುವ ಹೊಲ-ಗೋಮಾಳಗಳನ್ನು ಸರಿಪಡಿಸುವ ಕಡೆ ಹೊರಳಿದೆ.

ಹಾಗಾದರೆ ಮರ ಬಂದದ್ದೆಲ್ಲಿಂದ? ನೆಲದೊಳಗಿಂದ. ನೈಜರ್‌ನ ಮರಾಡಿ ಪ್ರದೇಶದಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ 1980ರ ದಶಕದ ಆರಂಭದಲ್ಲಿ ನೆಡಿಸಿದ ಸಸಿಗಳು ಬಹುತೇಕ ಒಣಗಿಹೋದವು. 1983ರಲ್ಲಿ ಅವರ ಗಮನ ಹೊಲದ ಪೊದೆಗಳತ್ತ ಹೋಯಿತು. ಅವು ಪೊದೆಗಳೇ ಅಲ್ಲ, ಕಡಿದ ಮರಗಳ ಬೊಡ್ಡೆಯಿಂದ ಎದ್ದ ಚಿಗುರು. ಬೇರು ಆಳದಲ್ಲಿ ಜೀವಂತವಾಗಿತ್ತು. ರೈತರು ಪ್ರತಿ ಬಿತ್ತನೆಗೆ ಮುಂಚೆ ಸವರಿ ಸುಡುತ್ತಿದ್ದರು, ಅದು ಮತ್ತೆ ಚಿಗುರುತ್ತಿತ್ತು. ಮಾಡಬೇಕಾದದ್ದು ಇಷ್ಟೇ: ಬೊಡ್ಡೆಯ ಹತ್ತಾರು ಚಿಗುರುಗಳಲ್ಲಿ ನೆಟ್ಟಗಿರುವ ಮೂರೋ ಐದೋ ಉಳಿಸಿ ಮಿಕ್ಕದ್ದು ಕತ್ತರಿಸುವುದು, ಉಳಿದವುಗಳ ಅಡ್ಡರೆಂಬೆಯನ್ನು ಅರ್ಧದ ಎತ್ತರದವರೆಗೆ ಸವರುವುದು, ಮರುವರ್ಷ ಒಂದೆರಡನ್ನು ಸೌದೆಗೆ ತೆಗೆಯುವುದು. ಒಂದು ಕುಡುಗೋಲು ಸಾಕು, ನರ್ಸರಿ ಬೇಡ. ಗಾವೊ ಎಂಬ ಮುಳ್ಳಿನ ಮರವಂತೂ ಸಜ್ಜೆ ರೈತನ ಪಾಲಿನ ವರ. ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಡುತ್ತದೆ, ಬೇಸಿಗೆಯಲ್ಲಿ ಚಿಗುರಿ ದನಕ್ಕೆ ನೆರಳು, ಮೇವು ಕೊಡುತ್ತದೆ. ಹಿಂದೆ ಬಿತ್ತಿದ ಬೀಜವನ್ನು ಬಿರುಗಾಳಿಯ ಮರಳು ಮುಚ್ಚಿ ಮೂರು ನಾಲ್ಕು ಸಲ ಬಿತ್ತಬೇಕಾಗುತ್ತಿತ್ತು, ಮರ ಬಂದ ಮೇಲೆ ಒಂದೇ ಬಿತ್ತನೆ ನಿಲ್ಲತೊಡಗಿತು. ದಕ್ಷಿಣ ನೈಜರ್‌ನಲ್ಲಿ ಹೀಗೆ ಮರ ಮರಳಿದ್ದು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ.

ಇಷ್ಟು ಸುಲಭವಿದ್ದರೆ ಮೊದಲೇ ಯಾಕೆ ಮಾಡಲಿಲ್ಲ ಎನ್ನುವಿರಿ. ರೈತರ ಅಜ್ಞಾನ ಎಂದು ದಯವಿಟ್ಟು ಬರೆಯಬೇಡಿ. ಫ್ರೆಂಚರ ಕಾಲದಿಂದಲೂ ಹೊಲದ ಮರ ಸರ್ಕಾರದ್ದಾಗಿತ್ತು. ಕಡಿದರೆ ದಂಡ. ನನ್ನದಲ್ಲದ ಮರವನ್ನು ನಾನೇಕೆ ಕಾಯಲಿ? 1980ರ ದಶಕದ ನಡುವಿನಿಂದ ಆ ಬಿಗಿ ಸಡಿಲಿತು, ಮರ ಹಬ್ಬಿತು. 2020ರಲ್ಲಿ ರಾಷ್ಟ್ರಾಧ್ಯಕ್ಷರ ಆದೇಶವೇ ಈ ಪದ್ಧತಿಗೆ ಕಾನೂನಿನ ಬಲ ಕೊಟ್ಟಿತು.

ಇನ್ನು ಯುವಕರು. ನೈಜರ್ ಜನಸಂಖ್ಯೆಯ ಅರ್ಧದಷ್ಟು ಮಂದಿಗೆ ಇನ್ನೂ 16 ದಾಟಿಲ್ಲ. ಸುಗ್ಗಿ ಮುಗಿದರೆ ನೈಜೀರಿಯಾಕ್ಕೆ, ಐವರಿ ಕೋಸ್ಟ್‌ಗೆ ಗುಳೆ. ಆದರೆ ಬುರ್ಕಿನಾ ಫಾಸೊದ ಯಾಟೆಂಗಾದಿಂದ ಹೊರಟ ಒಂದು ಗುಂಡಿ ಈ ಲೆಕ್ಕವನ್ನು ಕೆಲವರ ಪಾಲಿಗಾದರೂ ಬದಲಿಸಿತು. ಅದರ ಹೆಸರು ಜಾಯ್. ಬೇಸಿಗೆಯಲ್ಲಿ ಬಿಗಿದ ನೆಲಕ್ಕೆ ಮೊಳ ಅಗಲ, ಗೇಣುದ್ದ ಆಳದ ಗುಂಡಿ ತೋಡಿ ಬೊಗಸೆ ಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಗೆದ್ದಲು ಬಂದು ಮಣ್ಣಿನಲ್ಲಿ ಸುರಂಗ ಕೊರೆಯುತ್ತದೆ, ಮೊದಲ ಮಳೆ ಆ ಸುರಂಗಗಳಲ್ಲಿ ಇಂಗುತ್ತದೆ, ಜೋಳ ಅಲ್ಲೇ ಹುಟ್ಟುತ್ತದೆ. ಹಳೆಯ ಈ ಪದ್ಧತಿಯನ್ನು ದೊಡ್ಡದು ಮಾಡಿ ಗೊಬ್ಬರ ಸೇರಿಸಿದವರಲ್ಲಿ ಪ್ರಮುಖರು ಗೂರ್ಗಾ ಗ್ರಾಮದ ಯಾಕೂಬಾ ಸವಾಡೊಗೊ. 1989ರಲ್ಲಿ ನೈಜರ್‌ನ ಇಲ್ಲೆಲಾ ಭಾಗದ 13 ರೈತರು ಯಾಟೆಂಗಾಕ್ಕೆ ಹೋಗಿ ನೋಡಿ ಬಂದು ತಮ್ಮಲ್ಲೂ ಶುರುಮಾಡಿದರು. ಬರಡು ನೆಲಕ್ಕೆ ಕೊಳ್ಳುವವರು ಹುಟ್ಟಿದರು. ಗುಂಡಿ ತೋಡುವುದು ಸೊಂಟ ಮುರಿಯುವ ಕೆಲಸ, ಹೆಕ್ಟೇರಿಗೆ ನೂರಾರು ಗಂಟೆ ಬೇಕು. ಅದರಲ್ಲಿ ಪಳಗಿದ ಯುವಕರ ತಂಡಗಳು ದೂರದ ಪಟ್ಟಣಕ್ಕೆ ಹೋಗುವ ಬದಲು ಊರಿಂದೂರಿಗೆ ಹೋಗಿ ಕೂಲಿಗೆ ಗುಂಡಿ ತೋಡತೊಡಗಿದವು. ಮರಳು ಮಣ್ಣಿನಲ್ಲಿ ಗುಂಡಿ ಕುಸಿಯುತ್ತದೆ, ಅಲ್ಲಿ ಈ ವಿದ್ಯೆ ನಡೆಯದು. ಅದಕ್ಕೇ ಮರಾಡಿಗೆ ಬೊಡ್ಡೆ ಚಿಗುರು, ಇಲ್ಲೆಲಾಗೆ ಗುಂಡಿ.

ಯುವಕರ ನಿಜವಾದ ಅಡ್ಡಿ ಸಸಿಯಲ್ಲ, ಜಮೀನು. ಹೊಲ ಹಿರಿಯರ ಹೆಸರಿನಲ್ಲಿದೆ. ಎರವಲು ಪಡೆದ ಬರಡನ್ನು ವರ್ಷಗಟ್ಟಲೆ ದುಡಿದು ಹಸನು ಮಾಡಿದರೆ ಒಡೆಯ ವಾಪಸು ಕೇಳುತ್ತಾನೆ. ಹೆಂಗಸರಿಗೆ ಇದು ಇನ್ನೂ ಹೆಚ್ಚು. ಲೋಕವೇ ಮೆಚ್ಚಿದ ಯಾಕೂಬಾ ಇಂಥದೇ ಗುಂಡಿಗಳಿಂದ ಬರಡು ನೆಲದಲ್ಲಿ ಬೆಳೆಸಿದ ಕಾಡಿನ ಒಂದು ಭಾಗವೂ ಪಟ್ಟಣ ಬೆಳೆದಾಗ ನಿವೇಶನಗಳಿಗೆ ಹೋಯಿತು. ಅವರು 2023ರಲ್ಲಿ ತೀರಿಕೊಂಡರು. ಉತ್ತರ ಬುರ್ಕಿನಾದಲ್ಲಿ ಉಗ್ರರ ಹಾವಳಿಯಿಂದ ಹೊಲ ಬಿಟ್ಟು ಓಡಿದವರಿಗೆ ಯಾವ ಗುಂಡಿಯೂ ಉಪಯೋಗಕ್ಕಿಲ್ಲ.

ಹವಾಮಾನದ ಮಾತು ಬಿಟ್ಟೆನೆಂದುಕೊಳ್ಳಬೇಡಿ. ಅಲ್ಲಿ 1990ರ ದಶಕದಿಂದ ಮಳೆ ಒಂದಿಷ್ಟು ಚೇತರಿಸಿದೆ, ಆದರೆ ಬರುವ ರೀತಿ ಕೆಟ್ಟಿದೆ. 1980ರ ದಶಕದ ಆರಂಭಕ್ಕೆ ಹೋಲಿಸಿದರೆ ಅತಿ ತೀವ್ರ ಬಿರುಮಳೆಗಳು ಮೂರು ಪಟ್ಟಾಗಿವೆ. ಒಂದೇ ಹೊಡೆತಕ್ಕೆ ಸುರಿಯುವ ನೀರನ್ನು ಹೊಲದಲ್ಲೇ ಹಿಡಿಯಲು ಗುಂಡಿ ಬೇಕು.

ಇಲ್ಲಿಗೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ ಒಂದು ಸಂಗತಿ ಹೇಳದೆ ಬಿಡಲಾರೆ: ಬೀಜ. ಕೊಪ್ಪಳ, ವಿಜಯಪುರದ ಸಜ್ಜೆಯ ತವರು ಸಹಾರಾದ ದಕ್ಷಿಣ ಅಂಚಿನ ಇದೇ ಸಹೇಲ್ ಪಟ್ಟಿ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲೂ ಸಜ್ಜೆ ಸಿಕ್ಕಿದೆ, ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮಲ್ಲಿಗೆ ಬಂದಿತ್ತು. ನೈಜರ್‌ನ ಹಳ್ಳಿಗಳಿಂದ 1976ರಲ್ಲಿ ಸಂಗ್ರಹಿಸಿದ ಸಜ್ಜೆಯನ್ನೂ ಅದೇ ಹಳ್ಳಿಗಳಿಂದ 2003ರಲ್ಲಿ ತಂದ ಸಜ್ಜೆಯನ್ನೂ ವಿಜ್ಞಾನಿಗಳು ಜೊತೆಯಲ್ಲಿ ಬಿತ್ತಿ ನೋಡಿದರು. ಹೊಸದು ಬೇಗ ಹೂಬಿಟ್ಟಿತು. ನಡುವೆ ಕಂಪನಿ ಬೀಜ ಬಂದಿರಲಿಲ್ಲ, ಇದು ಅದೇ ನಾಟಿ ತಳಿ. ಮಳೆ ಬೇಗ ನಿಂತ ವರ್ಷಗಳಲ್ಲಿ ಕಾಳು ಕಟ್ಟಿದ ಗಿಡದ ತೆನೆಯೇ ಮುಂದಿನ ಬೀಜವಾಯಿತು, ಹಾಗೇ ತಳಿ ತಿರುಗಿತು. ಹಾಗೆಂದು ಎಲ್ಲರೂ ಬರೀ ಬೇಗ ಬರುವುದನ್ನೇ ಬಿತ್ತುವುದಿಲ್ಲ. ಸುತ್ತಲಿನ ಹೊಲ ಹಸಿಯಿರುವಾಗ ಒಬ್ಬನದೇ ಮಾಗಿದರೆ ಹಕ್ಕಿಗಳ ಹಿಂಡು ಅಲ್ಲೇ ಎರಗುತ್ತದೆ, ಸಜ್ಜೆ ಬೆಳೆದ ನಮ್ಮವರಿಗೂ ಇದು ಗೊತ್ತು. ಆದ್ದರಿಂದ ನೈಜರ್‌ನ ಜರ್ಮಾ ಜನಾಂಗದ ರೈತರ ಮನೆಗಳಲ್ಲಿ ಬೇಗ ಬರುವ ಹೈನಿ ಕಿರೇ, ತಡವಾಗಿ ಬರುವ ಸೊಮ್ನೊ ಎರಡೂ ಇರುತ್ತವೆ. ಒಂದು ಹಸಿದ ತಿಂಗಳನ್ನು ದಾಟಿಸುತ್ತದೆ, ಇನ್ನೊಂದು ಮಳೆ ಹೆಚ್ಚು ದಿನ ಮುಂದುವರಿದ ವರ್ಷ ಕೈ ಹಿಡಿಯುತ್ತದೆ.